ಐದು ಸಾವಿರದ ಮುರುಕು ಗೊಂಬೆ

ಮೊನ್ನೆ ಸೋಮವಾರ ಸಂಜೆ ಕೈಗಡಿಯಾರಕ್ಕೆ ಸೆಲ್ ಹಾಕಿಸೋಣವೆಂದು ಕೊಪ್ಪಳದ ಬಸ್ ನಿಲ್ದಾಣದ ಹತ್ತಿರದ ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿ ಸಾವಕಾರರು ಗಿರಾಕಿಯ ಮುಖ ಕಂಡ ಕೂಡಲೇ ನಗುವ ಮನುಷ್ಯ. ಅವತ್ತು ನಗಲಿಲ್ಲ.

'ಬರ್ರಿ ಸರ, ಕುಂದರ್ರಿ. ನಿಮ್ಮ ಪೇಪರಿಗೆ ಒಂದು ಸುದ್ದಿ ಐತಿ. ನನ್ನ ಮಗ ಐದು ಸಾವ್ರ ರೊಕ್ಕ ಕೊಟ್ಟು ಒಂದು ಗೊಂಬಿ ತಂದಾನ. ಅದೂ ಮುರುಕು ಗೊಂಬಿ!'

ಒಳಗೆ ಇಣುಕಿ ನೋಡಿದೆ. ಮಗರಾಯ ಅಪ್ಪನ ರಿಪೇರಿ ಮೇಜಿನ ಮುಂದೆ ಕೂತಿದ್ದಾನೆ. ಗಡಿಯಾರದ ಗಾಲಿ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದಾನೆ. ಮುಂದೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು. ಒಂದರಲ್ಲಿ ರೆಕ್ಕೆ, ಇನ್ನೊಂದರಲ್ಲಿ ಉಗುರು, ಮತ್ತೊಂದರಲ್ಲಿ ಅರ್ಧ ತಲೆ. ಎಣಿಸಿದರೆ ಮೂವತ್ತು ತುಂಡಿಗೂ ಮೇಲೆ ಇದ್ದವು. ಇವನಿಗೆ ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ನೌಕರಿ. ಯುಗಾದಿಗೆಂದು ಊರಿಗೆ ಬಂದವನು ಹದಿನೈದು ದಿನ ಇಲ್ಲೇ ಇದ್ದು ಕೆಲಸ ಮಾಡುತ್ತಾನಂತೆ. ಕೆಲಸ ಮುಗಿದ ಮೇಲೆ ಈ ಕೆಲಸ.

'ಮುರುದಿಲ್ರಿ ಕಾಕಾ, ಕೂಡಿಸಬೇಕು' ಅಂದ ಹುಡುಗ.

'ಕೂಡಿಸಿದ್ದ ತರಬೇಕಿಲ್ಲೋ?' ಅಂದರು ಅಪ್ಪ.

ಸಾವಕಾರರ ಪ್ರಶ್ನೆ ನನಗೂ ನ್ಯಾಯವೆನಿಸಿತು. ಸೈಕಲ್ಲು ಕೊಂಡರೆ ಅಂಗಡಿಯವನೇ ಜೋಡಿಸಿ ಕೊಡುತ್ತಾನೆ. ಐದು ಸಾವಿರ ಕೊಟ್ಟವನೇ ಕೂಲಿಯನ್ನೂ ಮಾಡಬೇಕೆ? ಇದೊಂದು ನೋಡಿಯೇ ಬಿಡೋಣ ಎಂದು ನಾಲ್ಕು ಸಂಜೆ ಆ ಅಂಗಡಿಯಲ್ಲಿ ಕೂತೆ. ನನ್ನ ಸೆಲ್ಲು ಹತ್ತು ನಿಮಿಷಕ್ಕೆ ಬಿತ್ತು. ಈ ಬರಹಕ್ಕೆ ಮಾತ್ರ ಒಂದು ವಾರ ಹಿಡಿಯಿತು.

ತುಂಡು ಕೂಡಿ ಮೃಗವಾಯಿತು

ಹುಡುಗ ತಂದದ್ದು ಗ್ರಿಫನ್ ಎಂಬ ಪ್ರಾಣಿ. ಯುರೋಪಿನವರ ಹಳೇ ಕಥೆಗಳಲ್ಲಿ ಬರುವಂಥದ್ದು. ಮೈ ಸಿಂಹದ್ದು, ತಲೆ ಮತ್ತು ರೆಕ್ಕೆ ಹದ್ದಿನದು. ಬೆನ್ನ ಮೇಲೆ ಕವಚ ತೊಟ್ಟ ಒಬ್ಬ ದಂಡನಾಯಕ. ಪೂರಾ ಕೂಡಿಸಿದರೂ ಅಂಗೈ ಮೇಲೆ ನಿಲ್ಲುತ್ತದೆ. ಬೆನ್ನ ಮೇಲಿನ ಮನುಷ್ಯ ನಮ್ಮ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರ. ಅವನಿಗೆ ಮೀಸೆ ಇದೆ, ಸೊಂಟಕ್ಕೆ ಪಟ್ಟಿ ಇದೆ, ಪಟ್ಟಿಗೆ ಬಕಲ್ ಇದೆ. ಎಲ್ಲಕ್ಕೂ ಬಣ್ಣ ಹಚ್ಚಬೇಕು!

ಮೊದಲ ದಿನ ಬರೀ ಕತ್ತರಿಸುವ ಕೆಲಸ. ಚಿಕ್ಕ ಇಕ್ಕಳದಿಂದ ತುಂಡುಗಳನ್ನು ಚೌಕಟ್ಟಿನಿಂದ ಬಿಡಿಸಬೇಕು. ಅಚ್ಚಿನ ಎರಡು ಹೋಳು ಕೂಡಿದ ಕಡೆ ಪ್ಲಾಸ್ಟಿಕ್ಕಿನ ಮೇಲೆ ಕೂದಲಿನಂಥ ಗೆರೆ ಉಳಿದಿರುತ್ತದೆ. ಅದನ್ನು ಬ್ಲೇಡಿನಿಂದ ಹೆರೆದು ತೆಗೆಯಬೇಕು. ತೆಗೆಯದಿದ್ದರೆ ಈಗ ಕಾಣುವುದಿಲ್ಲ, ಬಣ್ಣ ಬಿದ್ದ ಮೇಲೆ ಗಾಯದ ಹಾಗೆ ಎದ್ದು ಕಾಣುತ್ತದೆ. ಆಮೇಲೆ ಅಂಟು ಹಾಕದೆ ತುಂಡುಗಳನ್ನು ಒಮ್ಮೆ ಜೋಡಿಸಿ ನೋಡಬೇಕು. ದರ್ಜಿ ಕಚ್ಚಾ ಹೊಲಿಗೆ ಹಾಕಿ ಅಳತೆ ನೋಡುವುದಿಲ್ಲವೆ, ಹಾಗೆ.

ಅಂಟಿನಲ್ಲೂ ಒಂದು ಗುಟ್ಟಿದೆ. ಇದು ನಮ್ಮ ಚಪ್ಪಲಿಗೆ ಹಚ್ಚುವ ಗೋಂದಿನಂಥದ್ದಲ್ಲ. ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಚೂರು ಕರಗಿಸಿ ಒಂದರೊಳಗೊಂದು ಬೆಸೆಯುತ್ತದೆ. ಒಣಗಿದ ಮೇಲೆ ಅದು ಅಂಟಿದ್ದಲ್ಲ, ಬೆಸೆದದ್ದು. ಹೆಚ್ಚಾಗಿ ಸುರಿದರೆ ಮೂಗು ಮುಖವೇ ಕರಗೀತು. ಹುಡುಗ ಉಸಿರು ಹಿಡಿದು ಸೂಜಿಯಷ್ಟು ಹಚ್ಚುತ್ತಿದ್ದ. ಹೊರಗೆ ಗಂಗಾವತಿ ಬಸ್ಸಿನ ಕಂಡಕ್ಟರ್ ಒಮ್ಮೆ ಸೀಟಿ ಊದಿದ. ಎಡ ರೆಕ್ಕೆ ಸೊಟ್ಟಗೆ ಕೂತಿತು!

ಎರಡನೇ ದಿನ ತಳಬಣ್ಣ. ಬರೀ ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಉಗುರು ತಾಗಿದರೆ ಎದ್ದು ಬರುತ್ತದೆ. ಅದಕ್ಕೇ ಮೊದಲು ಡಬ್ಬಿಯಿಂದ ತೆಳುವಾಗಿ ಪ್ರೈಮರ್ ಹೊಡೆಯಬೇಕು. ಹುಡುಗ ಮಧ್ಯಾಹ್ನ ಒಂದು ಗಂಟೆಗೆ ಮಾಳಿಗೆಗೆ ಹೋಗಿ ಹೊಡೆದ. ನಮ್ಮ ಊರಿನ ಬಿಸಿಲು ಯಾರನ್ನು ಬಿಟ್ಟಿದೆ ಸ್ವಾಮಿ? ಬಣ್ಣ ಗೊಂಬೆಗೆ ತಾಗುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗಿ ಬಿತ್ತು. ಗ್ರಿಫನ್ನಿನ ಮೈ ತುಂಬ ರವೆ ಮೆತ್ತಿದ ಹಾಗೆ ಆಯಿತು. ಅಪ್ಪನಿಗೆ ತೋರಿಸದೆ ಸ್ಪಿರಿಟ್ಟಿನಲ್ಲಿ ನೆನೆಸಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿ ತೆಗೆದ. ಮರುದಿನ ಬೆಳಿಗ್ಗೆ ಆರಕ್ಕೆ, ಬಿಸಿಲೇರುವ ಮೊದಲು, ಮತ್ತೆ ಹೊಡೆದ. ನುಣ್ಣಗೆ ಕೂತಿತು.

ಆಮೇಲೆ ಬಣ್ಣ. ಕುಂಚದ ತುದಿ ಹುಬ್ಬಿನ ಕೂದಲಿನಂತಿದೆ. ಬಣ್ಣಕ್ಕೆ ನೀರು ಬೆರೆಸಿ ಮಜ್ಜಿಗೆಯಷ್ಟು ತೆಳುವು ಮಾಡಿ ಎರಡು ಕೈ, ಮೂರು ಕೈ ಹಚ್ಚಬೇಕು. ದಪ್ಪಗೆ ಒಂದೇ ಕೈ ಬಳಿದರೆ ಗರಿಯ ಗೆರೆಯೆಲ್ಲ ಮುಚ್ಚಿಹೋಗುತ್ತದೆ. ಅದು ಒಣಗಿದ ಮೇಲೆ ನೀರಿನಂಥ ಕಂದು ಬಣ್ಣವನ್ನು ಮೈಮೇಲೆಲ್ಲ ಹರಿಸುತ್ತಾನೆ. ಅದು ತಾನಾಗಿ ಸಂದುಗೊಂದಿಗೆ ಇಳಿದು ಅಲ್ಲೇ ನಿಲ್ಲುತ್ತದೆ, ನೆರಳಾಗುತ್ತದೆ. ಕೊನೆಗೆ ಕುಂಚದ ಬಣ್ಣವನ್ನೆಲ್ಲ ಕಾಗದಕ್ಕೆ ಒರೆಸಿ, ಒಣ ಕುಂಚವನ್ನು ಗರಿಗಳ ಮೇಲೆ ಸುಮ್ಮನೆ ಆಡಿಸುತ್ತಾನೆ. ಎತ್ತರದ ಅಂಚುಗಳಿಗೆ ಮಾತ್ರ ತಿಳಿಬಣ್ಣ ಹತ್ತುತ್ತದೆ. ನಿನ್ನೆಯ ಬೂದು ಪ್ಲಾಸ್ಟಿಕ್ಕು ಇವತ್ತು ಗರಿ ಕೊಡವುವ ಹಕ್ಕಿ! ನೋಡಲು ಬಂದ ಪಕ್ಕದ ಬೇಕರಿಯವರು ಗಲ್ಲಾಪೆಟ್ಟಿಗೆ ಮರೆತು ಅರ್ಧ ಗಂಟೆ ನಿಂತರು.

ಇಂಗ್ಲೆಂಡಿನ ಗೊಂಬೆ ಕಂಪನಿ

ಇದನ್ನು ಮಾಡುವ ಕಂಪನಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನದು. ಹೆಸರು ಗೇಮ್ಸ್ ವರ್ಕ್‌ಶಾಪ್. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಸೇರಿ ಶುರು ಮಾಡಿದರು. ಆಗ ಅವರು ಮಾಡುತ್ತಿದ್ದದ್ದು ಆಟದ ಮರದ ಹಲಗೆಗಳನ್ನು. ಅದರಲ್ಲಿ ನಮ್ಮ ಅಳಗುಳಿ ಮಣೆಯ ಜಾತಿಯ ಆಟವೂ ಒಂದಿತ್ತೆಂದರೆ ನಂಬುತ್ತೀರಾ? 1979ರಲ್ಲಿ ಗೊಂಬೆ ಎರಕ ಹೊಯ್ಯಲು ಬೇರೆ ಕಾರ್ಖಾನೆ ಎದ್ದಿತು. ಆಗಿನ ಗೊಂಬೆಗಳು ತವರ-ಸೀಸದ ಮಿಶ್ರಣದವು. ಸೀಸ ಮೈಗೆ ಕೆಟ್ಟದ್ದೆಂದು ಮುಂದೆ ಅದನ್ನು ಬಿಟ್ಟರು, ಪ್ಲಾಸ್ಟಿಕ್ ಬಂತು. 1983ರಲ್ಲಿ ಈ ಗೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ ಆಡುವ ವಾರ್‌ಹ್ಯಾಮರ್ ಎಂಬ ಕಾಳಗದ ಆಟವನ್ನು ಹೊರತಂದರು.

ಈಗ ಆ ಕಂಪನಿಯ ಸ್ಥಿತಿ ಏನು ಅಂತೀರಿ? 2024ರ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ಅತಿ ದೊಡ್ಡ 100 ಕಂಪನಿಗಳ ಪಟ್ಟಿಗೆ ಸೇರಿತು. ಬ್ಯಾಂಕು, ಎಣ್ಣೆ, ಔಷಧ ಕಂಪನಿಗಳ ಸಾಲಿನಲ್ಲಿ ಗೊಂಬೆ ಮಾರುವವರು! ಅದೂ ಕೂಡಿಸದ, ಬಣ್ಣ ಹಚ್ಚದ ಗೊಂಬೆ.

ಸಾವಕಾರರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಅಂದ್ರ ಅವರು ಗೊಂಬಿ ಮಾರಾಂಗಿಲ್ರಿ, ಕೆಲಸಾನ ಮಾರ್ತಾರ' ಅಂದರು. ನಲವತ್ತು ವರ್ಷ ವ್ಯಾಪಾರ ಮಾಡಿದವರ ಮಾತು, ಸುಳ್ಳಾಗುವುದಿಲ್ಲ.

ಕಿನ್ನಾಳದ ಅಜ್ಜ ಬಂದರು

ಮೂರನೇ ಸಂಜೆ ಕೀಲಿ ಕೊಡುವ ಗೋಡೆ ಗಡಿಯಾರವನ್ನು ಚಾದರದಲ್ಲಿ ಸುತ್ತಿಕೊಂಡು ಒಬ್ಬ ಅಜ್ಜ ಬಂದರು. ಕಿನ್ನಾಳದವರು, ಚಿತ್ರಗಾರ ಮನೆತನ. ಗಡಿಯಾರ ಕೊಟ್ಟು ಹೋಗಬೇಕಾದವರು ಹುಡುಗನ ಮೇಜಿನ ಹತ್ತಿರ ನಿಂತೇಬಿಟ್ಟರು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

'ತಳ ಯಾವುದರ್ದು ಹಾಕೀದಿ ತಮ್ಮಾ?'

ಹುಡುಗ ಬೆಚ್ಚಿಬಿದ್ದ. ಮೂರು ದಿನದಿಂದ ಬಂದು ಹೋದವರೆಲ್ಲ ಕೇಳಿದ್ದು ರೇಟು. ತಳದ ಬಗ್ಗೆ ಕೇಳಿದವರು ಇವರೊಬ್ಬರೇ. ಪ್ರೈಮರ್ ಡಬ್ಬಿ ತೋರಿಸಿದ. ಅಜ್ಜ ಮೂಸಿ ನೋಡಿ ಕೆಳಗಿಟ್ಟರು.

'ನಮ್ದು ಹುಣಸಿ ಬೀಜದ್ದು' ಅಂದರು.

ಓದುಗ ಮಹಾಶಯರೇ, ಕೊಪ್ಪಳದಿಂದ ಕಿನ್ನಾಳ 12-13 ಕಿಲೋಮೀಟರ್. ನಮ್ಮಲ್ಲಿ ಎಷ್ಟೋ ಮಂದಿ ಆ ಊರಿನ ಬೋರ್ಡು ಹಾಕಿದ ಬಸ್ಸನ್ನು ದಿನಾ ನೋಡುತ್ತೇವೆ, ಹತ್ತಿದವರು ಕಡಿಮೆ. ಆ ಊರಿನಲ್ಲಿ ಚಿತ್ರಗಾರರು ಮರದ ಗೊಂಬೆ, ದೇವರ ಮೂರ್ತಿ ಮಾಡುತ್ತ ಬಂದಿದ್ದಾರೆ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳು, ಅಲ್ಲಿಯ ಮರದ ತೇರಿನ ಕೆತ್ತನೆ ಇವರ ಹಿರಿಯರ ಕೈಯವೆಂದು ಹೇಳುತ್ತಾರೆ. ಇವರ ಗೊಂಬೆಯೂ ಒಂದೇ ದಿಮ್ಮಿಯಲ್ಲಿ ಕಡೆದದ್ದಲ್ಲ. ಹಗುರ ಮರದಲ್ಲಿ ಅಂಗಾಂಗ ಬೇರೆ ಬೇರೆ ಕೆತ್ತಿ ಆಮೇಲೆ ಕೂಡಿಸುತ್ತಾರೆ. ಗರುಡನಿಗೆ 12 ತುಂಡು. ಸಿಂಹಾಸನದ ಮೇಲೆ ಕೂತ ಗಣಪತಿಗೆ 22.

ಕೂಡಿಸುವ ಅಂಟು ಹುಣಸೆ ಬೀಜ ಮತ್ತು ಸಣ್ಣ ಕಲ್ಲಿನ ಪುಡಿಯದು. ಕೂಡಿಸಿದ ಮೇಲೆ ಮೈಗೆ ಹಚ್ಚುವುದು ಕಿಟ್ಟ. ಅದನ್ನು ಮಾಡುವ ರೀತಿ ಕೇಳಿ. ಗೋಣಿಯ ಚಿಂದಿಯನ್ನು ನೀರಿನಲ್ಲಿ ನೆನೆಹಾಕಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡುತ್ತಾರೆ. ಅದಕ್ಕೆ ಮರದ ಹೊಟ್ಟು, ಹುಣಸೆ ಬೀಜದ ಸರಿ ಸೇರಿಸಿ ಕಲೆಸುತ್ತಾರೆ. ಅದನ್ನು ಗೊಂಬೆಯ ಮೈಗೆಲ್ಲ ಕೈಯಿಂದ ಮೆತ್ತಿ, ಮೇಲೆ ಹತ್ತಿಬಟ್ಟೆಯ ಸಣ್ಣ ತುಂಡು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಬಣ್ಣ ಕೂರುವುದು ಆ ಲೇಪದ ಮೇಲೆ. ಸಂದು ಮುಚ್ಚಿತು, ಗಂಟು ಮುಚ್ಚಿತು, 12 ತುಂಡು ಒಂದೇ ಮೈಯಾಯಿತು. ಗರುಡನ ಕಿರೀಟ, ಕೊರಳ ಸರ, ತೋಳಬಂದಿ ಇವೆಲ್ಲ ಕೆತ್ತಿದ್ದಲ್ಲ. ಕಲ್ಲಿನ ಪುಡಿಗೆ ಅಂಟು ಬೆರೆಸಿ ಉಬ್ಬಾಗಿ ಎಬ್ಬಿಸಿದ್ದು.

'ಪ್ರತಿಯೊಂದು ಪದರಾನೂ ಒಣಗಬೇಕು. ಅವಸರ ಮಾಡಿದಿ ಅಂದ್ರ ಒಂದು ತಿಂಗಳದಾಗ ಬಿರಿತದ' ಅಂದರು ಅಜ್ಜ. ಹುಡುಗ ಮಾಳಿಗೆಯ ಮೇಲಿನ ತನ್ನ ಮಧ್ಯಾಹ್ನದ ಅವಾಂತರವನ್ನು ಆಗ ಒಪ್ಪಿಕೊಂಡ. ಅಪ್ಪನಿಗೆ ಗೊತ್ತಾದದ್ದೂ ಆಗಲೇ.

ಕಣ್ಣು ಮೊದಲೋ ಕಡೆಗೋ

ಇಬ್ಬರಿಗೂ ಒಂದೇ ಕಡೆ ಜಗಳ ಬಿತ್ತು. ಹುಡುಗ ದಂಡನಾಯಕನ ಕಣ್ಣು ಮೊದಲೇ ಬರೆದಿದ್ದ. ಮುಖದ ಬಣ್ಣ ಇನ್ನೂ ಆಗಿಲ್ಲ.

'ಇದೇನೋ! ಕಣ್ಣು ಕಡೀಕ ಬರಿಬೇಕು. ಕಣ್ಣು ತೆರೆದ ಮ್ಯಾಲೆ ಕುಂಚ ಕೆಳಗಿಡಬೇಕು.'

'ಇಲ್ಲಜ್ಜಾ, ಇಷ್ಟು ಸಣ್ಣ ಮುಖದಾಗ ಕಣ್ಣು ಬರಿಯುವಾಗ ಕೈ ತಪ್ಪತದ. ಮೊದಲ ಬರದ್ರ, ಹೊರಗ ಹೋದ ಬಣ್ಣಾನ ಮುಖದ ಬಣ್ಣದಿಂದ ಮುಚ್ಚಬಹುದು.'

ಅಜ್ಜ ಯೋಚಿಸಿದರು. 'ಕೈ ತಪ್ಪೂದಕ್ಕ ಇದು ಉಪಾಯ. ನಮ್ಮಲ್ಲಿ ಕೈ ತಪ್ಪದಂಗ ಆಗೂತನಕ ಕಣ್ಣು ಬರಿಯಾಕ ಕೊಡತಿದ್ದಿಲ್ಲ' ಅಂದರು. ಹುಡುಗ ನಕ್ಕ. ಗ್ರಿಫನ್ನಿನ ಕಣ್ಣು ಇನ್ನೂ ಆಗಿರಲಿಲ್ಲ. ಕುಂಚವನ್ನು ಅಜ್ಜನ ಕಡೆ ಚಾಚಿದ. ಅಜ್ಜ ಮೊಣಕೈಯನ್ನು ಮೇಜಿಗೆ ಒತ್ತಿ, ಉಸಿರು ಬಿಟ್ಟು, ಒಂದೇ ಸಲ ಮುಟ್ಟಿಸಿ ತೆಗೆದರು. ಆ ಕಡೆ ಒಂದು ಚುಕ್ಕೆ, ಈ ಕಡೆ ಒಂದು ಚುಕ್ಕೆ. ಇಂಗ್ಲೆಂಡಿನ ಪ್ರಾಣಿ ಕಿನ್ನಾಳದ ಕಣ್ಣಿನಿಂದ ನನ್ನನ್ನೇ ನೋಡಿತು.

'ಅಜ್ಜಾ, ನಿಮ್ಮ ಗರುಡಗ ಎಷ್ಟು ರೇಟು?' ಅಂತ ಹುಡುಗ ಕೇಳಿದ.

ಅಜ್ಜ ಉತ್ತರ ಕೊಡಲಿಲ್ಲ. 'ರೇಟು ನಾವು ಹೇಳೂದು ಒಂದು, ತಗೊಳ್ಳಾವ್ರು ಕೊಡೂದು ಒಂದು' ಅಂದರು. ತಮ್ಮ ಮಗ ಈ ಕೆಲಸಕ್ಕೆ ಕೂಡುವುದಿಲ್ಲ, ಹೊಸಪೇಟೆ ಕಡೆ ಕಾರ್ಖಾನೆಗೆ ಹೋಗುತ್ತಾನೆ ಎಂದೂ ಹೇಳಿದರು. ದೂರು ಹೇಳುವ ದನಿ ಅಲ್ಲ. ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದರು.

ನನ್ನದೊಂದು ಲೆಕ್ಕ

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಮೂರು ವರ್ಷದ ಹಿಂದೆ ಬೀಗರಿಗೆ ಉಡುಗೊರೆ ಕೊಡಲೆಂದು ನಾನೂ ಕಿನ್ನಾಳಕ್ಕೆ ಹೋಗಿ ಒಂದು ಗರುಡನನ್ನು ಕೊಂಡಿದ್ದೆ. ಅವರು ಎರಡೂವರೆ ಸಾವಿರ ಹೇಳಿದರು. ನಾನು ಎದ್ದು ಹೊರಟ ಹಾಗೆ ಮಾಡಿದೆ, ಬಾಗಿಲತನಕ ಹೋಗಿ ತಿರುಗಿದೆ, ಮತ್ತೆ ಕೂತೆ. ಕೊನೆಗೆ 1,600ಕ್ಕೆ ಇಳಿಸಿದೆ. ಕೊಡುವಾಗ ಆ ಮನುಷ್ಯ, 'ಆತು ತಗೋರಿ, ಬೋಣಿಗಿ ಆಗ್ಲಿ' ಅಂದ. ಆಗ ಮಧ್ಯಾಹ್ನ ಮೂರು ಗಂಟೆ. ನಾನು ಗೆದ್ದ ಖುಷಿಯಲ್ಲಿ ಬಸ್ಸು ಹತ್ತಿದೆ. 900 ರೂಪಾಯಿ ಉಳಿಸಿದ ಕಥೆಯನ್ನು ನಾಲ್ಕು ಮಂದಿಗೆ ಹೇಳಿಕೊಂಡೆ.

ಮಧ್ಯಾಹ್ನ ಮೂರಕ್ಕೆ ಬೋಣಿಗೆ ಎಂದರೆ ಏನು ಅಂತ ಈ ಅಂಕಣ ಓದುವ ಅಂಗಡಿಕಾರರಿಗೆ ನಾನು ಹೇಳಬೇಕಿಲ್ಲ.

ಮೊನ್ನೆ ನಾಲ್ಕು ಸಂಜೆ ಕೂತು ನೋಡಿದ ಮೇಲೆ ನನಗೆ ಆ ಲೆಕ್ಕ ತಿರುಗಿ ಬಂತು. ಪ್ಲಾಸ್ಟಿಕ್ಕಿನ ರೆಕ್ಕೆ ಸೊಟ್ಟಗಾದರೆ ಎಷ್ಟು ಸಂಕಟ ಎಂದು ಕಣ್ಣಾರೆ ಕಂಡೆ. ಅದು ಅಚ್ಚಿನಲ್ಲಿ ಆಗಿ ಬಂದ ರೆಕ್ಕೆ. ಕಿನ್ನಾಳದ ರೆಕ್ಕೆಯನ್ನು ಮೊದಲು ಮರದಲ್ಲಿ ಕೆತ್ತಬೇಕು. ಅಂಟು ತಾನೇ ಅರೆಯಬೇಕು, ತಳ ತಾನೇ ಮಾಡಬೇಕು. ಹಾಗಿದ್ದೂ ಹುಡುಗ ತನ್ನ ಪೆಟ್ಟಿಗೆಗೆ ಒಂದು ರೂಪಾಯಿ ಕಡಿಮೆ ಮಾಡಿ ಎಂದು ಕೇಳಲಿಲ್ಲ. ಕೇಳುವುದಕ್ಕೆ ಅಲ್ಲಿ ಮುಂದೆ ಕೂತ ಮನುಷ್ಯ ಯಾರೂ ಇರಲಿಲ್ಲ. ನಾವು ಚೌಕಾಶಿ ಮಾಡುವುದು ಕಣ್ಣೆದುರು ಇರುವವನ ಜೊತೆ ಮಾತ್ರ.

ಕಿನ್ನಾಳದ ಗೊಂಬೆಗೆ ಸರಕಾರದ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಕಡೆಯವರು ತಮ್ಮ ಗೊಂಬೆಗೆ ಆ ಹೆಸರು ಇಟ್ಟು ಮಾರುವಂತಿಲ್ಲ. ಒಳ್ಳೆಯದೇ. ಆದರೆ ಗುರುತು ಹೆಸರನ್ನು ಕಾಯುತ್ತದೆ, ಕೈಯನ್ನು ಕಾಯುವುದಿಲ್ಲ. ಕೈ ಉಳಿಯಬೇಕಾದರೆ ಆ ಕೈಗೆ ಸರಿಯಾದ ಕೂಲಿ ಬೀಳಬೇಕು. ಅದು ಬೀಳಬೇಕಾದದ್ದು ನಿಮ್ಮ ನಮ್ಮ ಕಿಸೆಯಿಂದ.

ಬಿಳಿ ಗರುಡ

ಹೊರಡುವ ಮುಂಚೆ ಹುಡುಗ ಅಜ್ಜನಿಗೆ ಒಂದು ಮಾತು ಕೇಳಿದ. 'ಅಜ್ಜಾ, ತಳ ಹಾಕಿ ಬಣ್ಣ ಹಚ್ಚಲಾರದ ಗರುಡನ್ನ ಮಾರತೀರೇನು? ಬಿಳೇದು? ಬಣ್ಣ ನಾವ ಹಚ್ಚತೀವಿ.'

ಅಜ್ಜನಿಗೆ ಅದು ಅಷ್ಟು ಸರಿ ಕಾಣಲಿಲ್ಲ. 'ಬಿಳೇದು ಮಾರಿದ್ರ ನಮ್ಮ ಅರ್ಧ ಕೆಲಸ ಹೋತಲ್ಲೋ. ಬಣ್ಣ ಹಚ್ಚಾವ್ರು ಏನು ತಿನ್ನಬೇಕು?'

'ಇಲ್ಲಜ್ಜಾ. ಒಮ್ಮೆ ತಾನ ಹಚ್ಚಿ ಕೆಡಿಸಿದಾಂವ, ಮುಂದ ನೀವು ಹಚ್ಚಿದ್ದಕ್ಕ ಚೌಕಾಶಿ ಮಾಡೂದಿಲ್ಲ.'

ನನಗೆ ಆ ಮಾತು ನಾಟಿತು. ನಾಟಿಂಗ್‌ಹ್ಯಾಮಿನ ಕಂಪನಿಯ ಗುಟ್ಟು ಇಷ್ಟೇ ಇರಬೇಕು. ಒಂದು ಮೀಸೆಗೆ ಬಣ್ಣ ಹಚ್ಚಲು ಎರಡು ಸಂಜೆ ಕಳೆದವನಿಗೆ ಕುಂಚ ಹಿಡಿದವನ ಬೆಲೆ ಗೊತ್ತು. ಹಚ್ಚದವನಿಗೆ ಗೊತ್ತಿರುವುದು ರೇಟು ಮಾತ್ರ. ನಮ್ಮ ಶಾಲೆಯ ಮಕ್ಕಳ ಕೈಗೆ ವರ್ಷಕ್ಕೊಂದು ಬಿಳಿ ಗೊಂಬೆ ಬಂದರೆ, ಹಚ್ಚುವುದನ್ನು ತೋರಿಸಲು ಕಿನ್ನಾಳದಿಂದ ಒಬ್ಬರನ್ನು ಸಂಬಳ ಕೊಟ್ಟು ಕರೆಸಿದರೆ, ಅದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ.

ಅಜ್ಜ 'ನೋಡೂಣು' ಅಂದು ಬಸ್ಸಿಗೆ ಹೋದರು. ಶನಿವಾರ ಹುಡುಗನೂ ಕಿನ್ನಾಳಕ್ಕೆ ಹೋಗಿ ಬಂದ. ಪತ್ರಿಕೆಯ ಕಾಗದದಲ್ಲಿ ಸುತ್ತಿದ ಒಂದು ಬಿಳಿ ಗರುಡ ತಂದಿದ್ದಾನೆ. ಹೇಳಿದಷ್ಟೇ ಕೊಟ್ಟನಂತೆ. ಕಣ್ಣು ಮಾತ್ರ ಹುಡುಗ ಬರೆಯುವಂತಿಲ್ಲ. ಮಿಕ್ಕದ್ದೆಲ್ಲ ಮುಗಿಸಿ ಮತ್ತೆ ಅಜ್ಜನ ಹತ್ತಿರ ಒಯ್ಯಬೇಕೆಂದು ಕರಾರು.

ಇನ್ನು ಗ್ರಿಫನ್. ಅದು ಈಗ ಅಂಗಡಿಯ ಗಾಜಿನ ಕಪಾಟಿನಲ್ಲಿ ಗಡಿಯಾರಗಳ ನಡುವೆ ನಿಂತಿದೆ. ನಿನ್ನೆ ಸಂಜೆ ನಾನಿದ್ದಾಗಲೇ ಒಬ್ಬರು ಬಸ್ಸಿಗೆ ಟೈಮಿದೆಯೆಂದು ಒಳಗೆ ಬಂದರು. ಅದನ್ನು ನೋಡಿದರು. 'ಈ ಗೊಂಬಿ ಛಲೋ ಐತಿ. ಐವತ್ತಕ್ಕ ಕೊಡತೀರೇನು?' ಅಂದರು.

ಸಾವಕಾರರ ಮುಖ ಕೆಂಪೇರಿತು. 'ಐವತ್ತ? ಏನಂತ ತಿಳಕೊಂಡೀರಿ? ನನ್ನ ಮಗ ಆರು ದಿನ ಕುಂತು ಮಾಡ್ಯಾನ! ಆ ಗರಿ ನೋಡ್ರಿ, ಒಂದೊಂದಕ್ಕೂ ಮೂರು ಮೂರು ಸಲ ಬಣ್ಣ ಕೊಟ್ಟಾನ!'

ಬಂದವರು ಹೆದರಿ ಬಸ್ಸಿಗೆ ಓಡಿದರು. ನಾನು ಸಾವಕಾರರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಮೇಜಿನ ಮೇಲೆ ಬಿಳಿ ಗರುಡ ಒಣಗುತ್ತಿತ್ತು.